ಹೆರಾಲ್ಡಿನ ಹೊಸ ಚಾಸಿ

ದೊಡ್ಡಬಳ್ಳಾಪುರದ ಹೊರಗೆ ಆಂಜಿನಪ್ಪನ ಗೇಟು, ಗ್ರಿಲ್ಲು ಮಾಡುವ ಶೆಡ್ಡು. ಅದರ ಒಂದು ಮೂಲೆಗೆ ಟಾರ್ಪಾಲು ಕಟ್ಟಿಕೊಂಡು ಅವನ ತಮ್ಮ ಮುನೀಂದ್ರ ಹಳೆಯ ಹೆರಾಲ್ಡ್ ಕಾರೊಂದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಚಾಸಿ, ಅಂದರೆ ಅಡಿಚೌಕಟ್ಟು, ಕಟ್ಟುತ್ತಿದ್ದ. ಕಾರಿನ ಒಡೆಯ ಆದಿನಾರಾಯಣಪ್ಪ. ಅವರ ಕಬ್ಬಿಣದ ಚಾಸಿ ತುಕ್ಕು ತಿಂದು ಜರಡಿಯಾಗಿತ್ತು. ಹೊಸದು ಸರಿಬಂದರೆ, ಹಳೆ ಕಾರು ಸಾಕಿಕೊಂಡಿರುವ ಅವರ ಗೆಳೆಯರೂ ಬರುವವರಿದ್ದರು. ಆಗ ಮುನೀಂದ್ರ ತನ್ನದೇ ಶೆಡ್ಡು ಹಾಕಬಹುದಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಈ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಕಬ್ಬಿಣ ಉಜ್ಜಿದ ತಂತಿ ಬ್ರಷ್ಷು ಸ್ಟೇನ್‌ಲೆಸ್ಸಿಗೆ ತಾಗಬಾರದು. ತಾಗಿದರೆ ಕಬ್ಬಿಣದ ಪುಡಿ ಕೂತು ಅಲ್ಲೇ ತುಕ್ಕು ಏಳುತ್ತದೆ. ಅದಕ್ಕೇ ಮುನೀಂದ್ರ ತನ್ನ ಬ್ರಷ್ಷುಗಳ ಹಿಡಿಗೆ ಹಳದಿ ಪಟ್ಟಿ ಸುತ್ತಿದ್ದ.

ಆಯುಧಪೂಜೆಯ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಅತ್ತಿಗೆ ಮಾರಕ್ಕ ಮಾಸಿದ ಪಟ್ಟಿಗಳನ್ನು ಕಿತ್ತೆಸೆದು, ಸಾಮಾನನ್ನೆಲ್ಲ ತೊಳೆದು, ಒಂದೇ ಗುಡ್ಡೆ ಹಾಕಿ ಕುಂಕುಮ ಇಟ್ಟಿದ್ದಳು.

"ನನ್ನವು ಬೇರೆ ಇಡ್ಬೇಕಿತ್ತು ಅತ್ತಿಗೆ."

"ಪೂಜೇಲೂ ಪಾಲು ಕೇಳ್ತೀಯೇನಪ್ಪಾ?"

ಆಂಜಿನಪ್ಪ ಬೂದುಗುಂಬಳಕಾಯಿ ಹಿಡಿದು ನಗುತ್ತಿದ್ದ. "ಒಲೆ ಬೇರೆ ಆಗ್ಲಿ ತಡಿಯೇ. ಆಮೇಲೆ ಅವನ ಪೂಜೆ ಅವನು ಮಾಡ್ಕೊಂತಾನೆ."

ಮುನೀಂದ್ರ ಪೂಜೆ ಮುಗಿಯುವವರೆಗೆ ಕಾದ. ಇನ್ನೊಂದು ಮಾತು ಆಡಿದ್ದರೆ ಒಲೆಯ ಮಾತೇ ಬೆಳೆಯುತ್ತಿತ್ತು. ಮರುದಿನ ಬೆಳಿಗ್ಗೆ ಚಾಸಿ ಒಯ್ಯಲು ವ್ಯಾನು ಬರುವುದಿತ್ತು, ಹಬ್ಬಕ್ಕೆ ಅಂಗಡಿಗಳು ಮುಚ್ಚಿದ್ದರಿಂದ ಹೊಸ ಬ್ರಷ್ಷೂ ಸಿಗುವಂತಿರಲಿಲ್ಲ. ಗುಡ್ಡೆಯಿಂದ ತನ್ನದೆನಿಸಿದ ಬ್ರಷ್ಷು ಆರಿಸಿ ಕೊನೆಯ ಬೆಸುಗೆಗಳನ್ನು ಉಜ್ಜಿದ. ಚಾಸಿ ಕನ್ನಡಿಯಂತೆ ಹೊಳೆಯಿತು.

ದೀಪಾವಳಿಗೆ ಮುಂಚೆ, ಮಳೆ ನಿಂತ ಮೇಲೆ, ಅದೇ ವ್ಯಾನು ಅದನ್ನು ವಾಪಸು ತಂದು ಇಳಿಸಿತು. ಬೆಸುಗೆಗಳ ಸುತ್ತ ಕಂದು ಚುಕ್ಕೆ ಎದ್ದಿದ್ದವು.

"ತುಕ್ಕಿಗೆ ಹೆದರಿ ನಿನ್ನ ಹತ್ರ ಬಂದೆ," ಎಂದರು ಆದಿನಾರಾಯಣಪ್ಪ. "ನೀನು ತುಕ್ಕಿಗೇ ಪಾಲಿಶ್ ಮಾಡಿ ಕೊಟ್ಟಿದೀಯಲ್ಲಪ್ಪಾ."

"ಮೇಲ್ಮೇಲಿಂದು ಸಾರ್, ಆಸಿಡ್ ಹಾಕಿ ತೆಗೀತೀನಿ. ಬ್ರಷ್ಷು ಅದಲುಬದಲಾಗ್ಬಿಡ್ತು."

"ಅದೆಂಗೆ ಆಯ್ತು?"

ಮಾರಕ್ಕ ಟೀ ಹಿಡಿದು ಬಾಗಿಲಲ್ಲೇ ನಿಂತಳು. ಆಂಜಿನಪ್ಪ ಗ್ರೈಂಡರ್ ಆರಿಸಿದ.

"ನಾನೇ ನೋಡ್ಕೊಳ್ಲಿಲ್ಲ," ಎಂದ ಮುನೀಂದ್ರ.

"ಬ್ರಷ್ಷು ನೋಡ್ಕೊಳ್ದೋನು ಸ್ಟೀಲು ಯಾವ್ದು ಹಾಕಿದ್ಯೋ! ನಂಗೆ ಬೇಡ, ನೀನೇ ಇಟ್ಕೊ."

ಅವರ ಗೆಳೆಯರಲ್ಲಿ ಒಬ್ಬರೂ ಬರಲಿಲ್ಲ. ಮನೆಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಅತ್ತಿಗೆ ತಟ್ಟೆಗೆ ಒಂದು ಮುದ್ದೆ ಹೆಚ್ಚಿಗೆ ಹಾಕತೊಡಗಿದಳು.

ಒಂದು ದಿನ ಆಂಜಿನಪ್ಪ ಚಾಸಿಯ ಮೇಲೆ ಕೈಯಾಡಿಸಿದ. "ಕುಂದಾಣದಲ್ಲಿ ಪಿಳ್ಳಪ್ಪ ಮೆಟ್ಲಿಗೆ ಸ್ಟೀಲ್ ಕಂಬಿ ಕೇಳ್ತಾವ್ನೆ. ಇದು ಸುಮ್ನೆ ಬಿದ್ದೈತಲ್ಲ. ಎಲ್ಲಿ ಕುಯ್ಲಿ, ನೀನೇ ಹೇಳ್ಲಾ."

ಮುನೀಂದ್ರ ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆದ. "ಬೆಸುಗೆ ಬಿಟ್ಟು ಕುಯ್ಯಣ್ಣ. ಹಿಡ್ಕೊಂಡೋರ ಕೈಗೆ ತುಕ್ಕು ಹತ್ತುತ್ತೆ."

ಗ್ರೈಂಡರ್ ತಾಗಿದೊಡನೆ ಚಾಸಿ ಅದುರಿತು. ಅಣ್ಣನ ಕೈ ತಪ್ಪದಿರಲೆಂದು ಅವನು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.