ಸೊನ್ನೆ ದಾಟಿದ ಗೆರೆ

ಸಪ್ತಾಪುರದ ನನ್ನ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತದ ಟ್ಯೂಷನ್ ಹೇಳುತ್ತಿದ್ದೇನೆ. ಎಂಥವರ ತಲೆಗೂ ಲೆಕ್ಕ ಹತ್ತಿಸಬಲ್ಲೆ ಎಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಅದನ್ನು ಇಳಿಸಿದವಳು ದ್ರಾಕ್ಷಾಯಿಣಿ.

ಮೊದಲ ಪಿಯುಸಿಯಲ್ಲಿ ಗಣಿತ ಒಂದರಲ್ಲೇ, ನಾಲ್ಕು ಅಂಕ ಕಡಿಮೆ ಬಿದ್ದು ನಪಾಸಾದ ಹುಡುಗಿ. ಪೂರಕ ಪರೀಕ್ಷೆಯಲ್ಲೂ ಹೋದರೆ ಸೈನ್ಸ್ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸೂತ್ರಗಳೆಲ್ಲ ಬಾಯಿಗೆ ಬರುತ್ತಿದ್ದವು. ನಕ್ಷೆ ಬಿಡಿಸು ಎಂದರೆ ಮಾತ್ರ ಪೆನ್ಸಿಲ್ ಕಚ್ಚುತ್ತ ಕೂತುಬಿಡುತ್ತಿದ್ದಳು.

"ಸುಹಾಸಿನಿ ಮಿಸ್, ಈ ಅಕ್ಷರದಾಗಿಂದ ಆ ಗೆರಿ ಹೆಂಗ ಬರ್ತೈತ್ರಿ?" ಎಂದು ಒಮ್ಮೆ ಕೇಳಿದಳು. ನಾನು ಸೂತ್ರವನ್ನೇ ಇನ್ನೊಮ್ಮೆ ಹೇಳಿದೆ.

ಅವರ ಮನೆ ಮುಂದೆ ದಿನಾ ಚುಕ್ಕಿ ರಂಗೋಲಿ ಹಾಕುವವಳು ಅವಳೇ ಎಂದು ತಿಳಿದಾಗ ದಾರಿ ಹೊಳೆಯಿತು. "ಇದೂ ರಂಗೋಲಿನ ಅಂತ ತಿಳ್ಕೋ. ಸೂತ್ರದಾಗ ಒಂದೊಂದ ಸಂಖ್ಯೆ ಹಾಕು, ಉತ್ತರ ಬಂದಲ್ಲಿ ಚುಕ್ಕಿ ಇಡು, ಆಮೇಲೆ ಕೂಡಿಸು. ಒಂದ ಚುಕ್ಕಿನೂ ಬಿಡಬ್ಯಾಡ, ಗೆರಿ ಎಲ್ಲೂ ಹರೀಬಾರದು," ಎಂದೆ. y = x² ಬಂತು. y = x³ ಬಂತು. ತಾನೇ ಬಿಡಿಸಿದ್ದನ್ನು ನೋಡಿ ಅವಳು ಚಪ್ಪಾಳೆ ಹೊಡೆದಳು. ನಾನೂ ಹಿಗ್ಗಿ ಹೀರೇಕಾಯಿಯಾದೆ.

ಪರೀಕ್ಷೆ ಮುಗಿಸಿಕೊಂಡು ನೇರ ನಮ್ಮ ಮನೆಗೇ ಬಂದಳು. "ಉಳಿದದ್ದೆಲ್ಲಾ ಹೋದ ಸಲದಷ್ಟ ಆಗೇತ್ರಿ ಮಿಸ್. ಆದ್ರ ಐದ ಮಾರ್ಕಿಗೆ ನಕ್ಷೆ ಬಂದಿತ್ತು, y = 1/x. ಈ ಐದು ಬಂದ್ರ ಪಾಸ್!"

ಪ್ರಶ್ನೆಪತ್ರಿಕೆಯ ಹಿಂಬದಿಗೆ ಬಿಡಿಸಿ ತೋರಿಸಿದಳು. ಬಲಕ್ಕೆ ಮೇಲೆ ಮೂರು ಚುಕ್ಕಿ, ಎಡಕ್ಕೆ ಕೆಳಗೆ ಮೂರು. ಎಲ್ಲವೂ ಸರಿಯಾದ ಜಾಗದಲ್ಲೇ ಇದ್ದವು. ಆದರೆ ಆ ಕಡೆಯಿಂದ ಈ ಕಡೆಗೆ, ಸೊನ್ನೆಯ ಮೇಲೆ ಹಾಯ್ದು, ಒಂದೇ ಗೆರೆ ಎಳೆದು ಕೂಡಿಸಿದ್ದಳು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ಅಲ್ಲಿ ಗೆರೆ ಹರಿಯಲೇಬೇಕು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

"ಇದರ ಬದಲಿಗೆ ಬ್ಯಾರೆ ಪ್ರಶ್ನೆ ಇರಲಿಲ್ಲೇನ?" ಎಂದೆ.

"ಇತ್ರಿ. ತ್ರಿಕೋನಮಿತಿದು. ಬಾಯಿಪಾಠ ಇತ್ತಲ್ರಿ, ಮೊದಲ ಅದನ್ನ ಪೂರ್ತಿ ಬರದಿದ್ದೆ. ಆಮ್ಯಾಲೆ ಹೊಡದಹಾಕಿ ಇದನ್ನ ಬರದೇನ್ರಿ."

"ಯಾಕ?"

"ಅದು ಬರೇ ಬಾಯಿಪಾಠರಿ ಮಿಸ್," ಎಂದು ನಕ್ಕಳು. "ಇದು ನನಗ ಖರೇನ ತಿಳದಿತ್ತು."