ದೀಪ ಆರಲೆಂದು ಕಾದವರು

ನಾನು ವಿನ್ಯಾಸ ಮಾಡಿದ ಫ್ಯೂಸ್ ಕಿರುಬೆರಳಿನ ಉಗುರಷ್ಟು ಉದ್ದ. ಹಿತ್ತಾಳೆಯ ಕೊಳವೆ, ಒಳಗೆ ಮೇಣದಂಥ ಗುಳಿಗೆ, ಆ ಗುಳಿಗೆ ತಡೆದು ಹಿಡಿದಿರುವ ಸ್ಪ್ರಿಂಗ್. ಫ್ಯಾನಿನ ಮೋಟಾರು ಕಾದು ನೂರ ಮೂವತ್ತು ಡಿಗ್ರಿ ಮುಟ್ಟುವುದರೊಳಗೆ ಗುಳಿಗೆ ಕರಗಬೇಕು, ಸ್ಪ್ರಿಂಗ್ ಬಿಚ್ಚಿಕೊಳ್ಳಬೇಕು, ಕರೆಂಟು ಕಡಿಯಬೇಕು. ಒಂದೇ ಸಲದ ಕೆಲಸ. ಆಮೇಲೆ ಶಾಶ್ವತ ಮೌನ. ನನಗೆ ಅದು ಇಷ್ಟವಾದದ್ದೇ ಅದಕ್ಕಿರಬೇಕು.

ಅವತ್ತು ಮಧ್ಯಾಹ್ನ ಫ್ಯಾನ್ ಕಂಪನಿಯ ಪರೀಕ್ಷಕರು ಬರುವವರಿದ್ದರು. ಅವರು ಒಪ್ಪಿದರೆ ನನ್ನ ಕೆಲಸ ಕಾಯಂ, ಇಲ್ಲವಾದರೆ ಮನೆ ದಾರಿ. ಇದ್ದ ಮಾದರಿಗಳು ಐದು. ಬೆಳಿಗ್ಗೆ ಅವುಗಳಲ್ಲಿ ಮೂರು ಮಾದರಿಗೆ ವೈರು ಬೆಸೆದು ಬಲ್ಬಿಗೆ ಜೋಡಿಸಿದೆ. ಬಲ್ಬು ಹತ್ತಲೇ ಇಲ್ಲ. ಫ್ಯೂಸನ್ನು ಮುಳುಗಿಸಿ ಪರೀಕ್ಷಿಸುವ ಎಣ್ಣೆಯನ್ನು ಇನ್ನೂ ಕಾಯಿಸಿಯೇ ಇರಲಿಲ್ಲ!

ಗುಳಿಗೆಯನ್ನು ಅನುಮಾನಿಸಿದೆ, ಸ್ಪ್ರಿಂಗನ್ನು ಅನುಮಾನಿಸಿದೆ, ಕೊನೆಗೆ ನನ್ನ ಪದವಿಯನ್ನೇ. ಸಾಹೇಬರಿಗೆ ಹೇಳಿಬಿಡೋಣವೆಂದು ಎದ್ದಾಗ ಜೋಡಣೆ ವಿಭಾಗದ ಅಕ್ಕ ಅಡ್ಡ ಬಂದರು. ಇಪ್ಪತ್ತು ವರ್ಷ ಬೆಸುಗೆ ಹಾಕಿದ ಕೈ; ಮಾತು ಕಡಿಮೆಯ ನನಗೆ ಮುನಿಗಳು ಎಂದು ಹೆಸರಿಟ್ಟ ಬಾಯಿ.

"ಏನು ಮುನಿಗಳೇ, ಆಕಾಶ ತಲೆ ಮೇಲೆ ಬಿತ್ತಾ?"

"ಮೂರೂ ಸತ್ತಿವೆ ಅಕ್ಕ. ಬೆಸೆಯೋಕೆ ಮುಂಚೆ ಚೆನ್ನಾಗೇ ಇದ್ವು."

"ಹೌದಾ? ತಗೊಳ್ಳಿ ಈ ಹಳೇ ತಂತಿ. ಹೇಗೆ ಬೆಸೆದ್ರಿ, ತೋರಿಸಿ."

ಸೋಲ್ಡರಿಂಗ್ ಐರನ್ನನ್ನು ತಂತಿಗೆ ಒತ್ತಿದೆ. ಸೀಸ ಕರಗಿ ಹೊಳೆಯಿತು. ಆ ಹೊಳಪನ್ನೇ ನೋಡುತ್ತ ಕೂತೆ.

"ಅಯ್ಯೋ ತೆಗೀರಿ! ಬೆಸುಗೆ ಹಾಕ್ತಿದೀರೋ, ತಪಸ್ಸಿಗೆ ಕೂತಿದೀರೋ? ಹನ್ನೆರಡರ ತನಕ ಎಣಿಸಿದೆ ನಾನು. ಬಿಸಿ ಅನ್ನೋದು ತಂತಿಗುಂಟ ಫ್ಯೂಸಿನೊಳಗೆ ಹೋಗತ್ತೆ, ಗುಳಿಗೆ ಕರಗತ್ತೆ. ಪಾಪ, ಫ್ಯೂಸು ಹೇಳಿದ ಕೆಲಸಾನೇ ಮಾಡಿದೆ."

ನನ್ನ ವಿನ್ಯಾಸ ಮೂರು ಸಲ ಗೆದ್ದಿತ್ತು. ನಾನು ಹೆಣ ಎಣಿಸುತ್ತಿದ್ದೆ.

ಅಕ್ಕ ಇಕ್ಕಳ ಕೊಟ್ಟರು. "ಕೊಳವೆಗೂ ಬೆಸುಗೆಗೂ ನಡುವೆ ತಂತೀನ ಇದರಲ್ಲಿ ಕಚ್ಚಿ ಹಿಡೀರಿ. ಬಿಸಿಯೆಲ್ಲ ಇದೇ ನುಂಗತ್ತೆ. ಮೂರು ಎಣಿಸಿ, ಬಿಡಿ. ಜೋರಾಗಿ ಎಣಿಸಿ! ನಿಮ್ಮ ಮನಸ್ಸಲ್ಲಿ ಒಂದರಿಂದ ಎರಡಕ್ಕೆ ಹೋಗೋಕೆ ಬಸ್ಸು ಹಿಡೀಬೇಕು."

"ಒಂದು! ಎರಡು! ಮೂರು!" ಇಡೀ ವಿಭಾಗ ತಿರುಗಿ ನೋಡುತ್ತಿದ್ದಂತೆ ಉಳಿದೆರಡನ್ನೂ ಬೆಸೆದೆ.

ಪರೀಕ್ಷಕರ ಎದುರು ಎರಡೂ ಬಲ್ಬು ಹತ್ತಿದವು. ಎಣ್ಣೆ ಕಾಯುತ್ತ ಹೋಯಿತು. ನೂರ ಇಪ್ಪತ್ತು. ನೂರ ಇಪ್ಪತ್ತೈದು. ಉರಿಯುವ ದೀಪಕ್ಕೆ ಅಷ್ಟು ಶಾಪ ಹಾಕಿದವರು ಬೇರೆಲ್ಲೂ ಇರಲಿಕ್ಕಿಲ್ಲ. "ಆರಿ ಹೋಗು, ಹಾಳಾದ್ದೇ," ಎಂದು ಅಕ್ಕ ಹಲ್ಲು ಕಚ್ಚಿದರು. ನೂರ ಇಪ್ಪತ್ತೆಂಟರಲ್ಲಿ ಒಂದು ಆರಿತು. ಉಸಿರು ಬಿಡುವುದರೊಳಗೆ ಇನ್ನೊಂದು.

ಪರೀಕ್ಷಕರು ಪೆನ್ನು ತೆಗೆದರು. "ಐದು ಅಂದಿದ್ರಲ್ಲ, ಉಳಿದ ಮೂರು?"

ಸಾಹೇಬರು ನನ್ನತ್ತ ನೋಡಿದರು. ಸುಮ್ಮನಿರುವುದು ನನಗೆ ಕಷ್ಟವೇನಲ್ಲ.

"ಬೆಸೆಯುವಾಗ ನಾನೇ ಕೊಂದೆ," ಎಂದೆ. ಹೇಗೆಂದೂ ಹೇಳಿದೆ.

ಪರೀಕ್ಷಕರು ನಕ್ಕರು. "ನಮ್ಮಲ್ಲೂ ನಿಮ್ಮಂಥೋರು ನಾಲ್ಕು ಜನ ಇದಾರೆ. ಬೆಸೆಯೋ ಕ್ರಮ ಬರೆದುಕೊಡಿ, ಆಮೇಲೆ ಸಹಿ."

"ಅಕ್ಕ ಹೇಳ್ತಾರೆ, ನಾನು ಬರೀತೀನಿ," ಎಂದೆ.

ಅಕ್ಕ ಆಗಲೇ ಕುರ್ಚಿ ಎಳೆದುಕೊಂಡಿದ್ದರು.