ಬರಿಗಾಲಿನ ಬೂಟಿನಂಗಡಿ

ಧನರಾಜ ಶೇಠರ ‘ಧಾವ ಸ್ಪೋರ್ಟ್ಸ್’ ಕೊಲ್ಹಾಪುರದಲ್ಲಿ ಹುಟ್ಟಿ, ಇಚಲಕರಂಜಿಗೆ ಹಬ್ಬಿ, ಮೂರನೆಯ ಶಾಖೆ ತೆರೆಯಲು ಗಡಹಿಂಗ್ಲಜಕ್ಕೆ ಬಂತು. ಅಲ್ಲಿಗೆ ಮ್ಯಾನೇಜರ್ ಆಗಿ ಬಂದವಳು ಇಚಲಕರಂಜಿ ಶಾಖೆಯಲ್ಲಿ ಕೆಲಸಕ್ಕಿದ್ದ ವಂದನಾ, ಆ ಊರಿನ ಮಗ್ಗದ ಕೆಲಸಗಾರ ಸಾತಪ್ಪನ ಮಗಳು. ಫುಟ್‌ಬಾಲ್ ಹುಚ್ಚಿನ ಊರು, ಬೂಟು ಖರ್ಚಾಗದೆಂಬ ಚಿಂತೆಯಿರಲಿಲ್ಲ. ಚಿಂತೆ ಬಂದದ್ದು ಕಟ್ಟಡದ ಒಡತಿ ಸೋನಾಬಾಯಿಯಿಂದ.

“ಇದು ನಮ್ಮ ಮಾವನವರು ಗಾದಿ ಮ್ಯಾಲ ಕೂತು ವ್ಯಾಪಾರ ಮಾಡಿದ ಜಾಗಾ. ಇಲ್ಲಿ ಯಾರೂ ಕಾಲಾಗ ಹಾಕ್ಕೊಂಡು ಬರಬಾರದು.”

“ಆಯೀ, ನಾವು ಮಾರೂದ ಬೂಟರೀ!”

“ಮಾರ್ರಿ. ಹೊರಗ ಹೋಗಿ ಹಾಕ್ಕೊಳ್ಳಲಿ.”

ಶೇಠರು ಜಾಗದ ಆಸೆಗೆ ಈ ಷರತ್ತಿಗೆ ಮೊದಲೇ ಹೂಂ ಎಂದುಬಿಟ್ಟಿದ್ದರು.

ಹೀಗೆ ಬೂಟಿನಂಗಡಿಯ ಬಾಗಿಲಲ್ಲಿ ಗಿರಾಕಿಗಳ ಬೂಟು-ಚಪ್ಪಲಿಗಳ ಗುಡ್ಡೆ ಬಿತ್ತು. ದಾರಿಹೋಕರು ಅದನ್ನೇ ಸೇಲ್ ಎಂದುಕೊಂಡರು. ಆರಿಸಿ, ಮೆಟ್ಟಿ ನೋಡಿ, ಒಳಗೆ ತಂದು ದರ ಕೇಳತೊಡಗಿದರು. “ಅವು ಮಂದೀವರೀ” ಎಂದು ಹೇಳಿ ಹೇಳಿ ವಂದನಾಳ ಗಂಟಲು ಒಣಗಿತು.

ಒಂದು ದಿನ ಶೇಠರೇ ಬಂದರು. ತಮ್ಮ ಹೊಸ ಬೂಟು ಹೊರಗೆ ಕಳಚಿಟ್ಟು ಒಳಗೆ ನಿಂತು, ತಾವು ತಳ್ಳುಗಾಡಿಯಲ್ಲಿ ಕ್ಯಾನ್ವಾಸ್ ಬೂಟು ಮಾರುತ್ತಿದ್ದ ಕಥೆಯನ್ನು ನೌಕರರಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ನೂಲ ಹಳ್ಳಿಯ ರೈತ ಬಾಳಗೊಂಡ ಅದೇ ಬೂಟು ಹಿಡಿದು ದುಡ್ಡಿನ ಗಲ್ಲೆಗೆ ಬಂದ. ಕಂಪನಿಯದೇ ಮಾಲು, ಒಳಗಿನ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ. ಬಿಲ್ಲಿನ ಯಂತ್ರ ಚೀಟಿ ಓದಿ ಕುಯ್ಯೆಂದಿತು, ಬಾಳಗೊಂಡ ದುಡ್ಡು ಕೊಟ್ಟ, ಬಿಲ್ಲು ಬಂತು.

“ಅವು ನನ್ನವು!” ಶೇಠರು ಕೂಗಿದರು.

“ಹೌದ್ರಿ, ಅಂಗಡಿನೂ ನಿಮ್ದ. ಈಗ ನಾ ತೊಗೊಂಡೇನಿ. ಭಾಳ ಮೆತ್ತಗ ಅದಾವ.”

ಮಾರಿದ ಮಾಲು ವಾಪಸಿಲ್ಲ ಎಂದು ಗೋಡೆಗೆ ಬರೆಸಿದವರು ಶೇಠರೇ. ಬಾಳಗೊಂಡ ಹೊರಗೆ ಹೋಗಿ ಮೆಟ್ಟಿಕೊಂಡು ನಡೆದೇಬಿಟ್ಟ. ಶೇಠರ ಅಳತೆಯದು ಅಂಗಡಿಯಲ್ಲಿ ಇನ್ನೊಂದು ಜೋಡಿ ಇರಲಿಲ್ಲ. ಅವರು ಬರಿಗಾಲಲ್ಲೇ ಕಾರು ಹತ್ತಿದರು. ನೌಕರಿ ಹೋಯಿತೆಂದೇ ವಂದನಾ ಒಪ್ಪಿಸಿ ಹೋಗಲು ಗಲ್ಲೆಯ ಲೆಕ್ಕ ಬರೆಯತೊಡಗಿದಳು.

ಕಾರು ಕೊಲ್ಹಾಪುರದ ದಾರಿಯಲ್ಲಿ ಕಾಗಲ ದಾಟುವಷ್ಟರಲ್ಲಿ ಶೇಠರ ಫೋನ್ ಬಂತು. “ವಂದನಾ, ಹೊರಗ ಬಿಟ್ಟವು ಹ್ವಾದ್ರ ಗಿರಾಕಿಗೆ ಒಳಗಿನವು ಬೇಕ ಆಗ್ತಾವಲ್ಲಾ! ಎಲ್ಲಾ ಶಾಖೆಗೂ ಇದ ನಿಯಮ ಮಾಡೂಣು.”

ಇಚಲಕರಂಜಿ ಶಾಖೆಗೂ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬೋರ್ಡು ಬಿದ್ದ ಮೇಲೆ ನೋಡಿ ಬರಲು ಹೋದ ವಂದನಾ ಬಾಗಿಲಲ್ಲೇ ನಿಂತಳು. ಎಷ್ಟು ಕರೆದರೂ ಆ ಗಾಜಿನ ಬಾಗಿಲು ದಾಟದಿದ್ದ ಅಪ್ಪ ಒಳಗೆ ಎಸಿ ಗಾಳಿಗೆ ಮುಖವೊಡ್ಡಿ ಕೂತಿದ್ದ.

“ಯಪ್ಪಾ, ಇವತ್ತ ಹೆಂಗ ಬಂದಿ?”

“ಹರಕ ಚಪ್ಲಿ ಹಾಕ್ಕೊಂಡ ಹೆಂಗ ಬರಲಿ ಅಂತಿದ್ದೆವಾ. ಈಗ ಇಲ್ಲಿ ಎಲ್ಲಾರೂ ಬರಿಗಾಲ,” ಎಂದು ಸಾತಪ್ಪ ಕಾಲು ನೀಡಿದ. “ಅಳತಿ ನೋಡು.”